ಔಷಧಾವಲಂಬನವೂ ಸ್ವಾತಂತ್ರ್ಯವೂ

ದೀರ್ಘಕಾಲ ಔಷಧವನ್ನು ಸೇವಿಸಬೇಕಾದ ರೋಗಗಳು ಈಗ ಯಾರ ಮನೆಗೂ ಹೊಸವಲ್ಲ. ಹಾಸನ ಜಿಲ್ಲೆಯ ಯಾವ ಊರಿನ ಯಾವ ಗೃಹಸ್ಥರ ಮನೆಯಲ್ಲಿ ನೋಡಿದರೂ ಅಡಿಗೆಮನೆಯ ಗೂಡಿನಲ್ಲಿ, ಕಾಫಿಪುಡಿಯ ಡಬ್ಬದ ಪಕ್ಕದಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆಯೋ ರಕ್ತದೊತ್ತಡದ ಮಾತ್ರೆಯೋ ಕಣ್ಣಿಗೆ ಬೀಳುವುದು. ಅವನ್ನು ಯಾರೂ ಮುಚ್ಚಿಡುವುದಿಲ್ಲ. ಬಂದ ನಂಟರ ಎದುರಿಗೇ ನುಂಗಿ ನೀರು ಕುಡಿಯುವುದುಂಟು. ಇಷ್ಟು ವರ್ಷವಾಯಿತು ಎಂಬುದನ್ನು ಒಂದು ಬಗೆಯ ಹಿರಿತನದಂತೆ ಹೇಳಿಕೊಳ್ಳುವುದೂ ಉಂಟು. ಆದರೆ ಅದೇ ಮನೆಯ ಬೀರುವಿನಲ್ಲಿ, ಸೀರೆಯ ಮಡಿಕೆಯ ಕೆಳಗೆ, ಇನ್ನೊಂದು ಮಾತ್ರೆ ಇರಬಹುದು. ಅದು ಖಿನ್ನತೆಗೆಂದು ವೈದ್ಯರು ಕೊಟ್ಟದ್ದು. ಯಾರಾದರೂ ಕಂಡು ಕೇಳಿದರೆ ಅದು ನಿದ್ರೆಯ ಮಾತ್ರೆಯಾಗುವುದು, ಇಲ್ಲವೆ ನರದ ಮಾತ್ರೆಯಾಗುವುದು. “ಇದನ್ನು ಇನ್ನೆಷ್ಟು ಕಾಲ ನುಂಗುವುದು?” ಎಂಬ ಪ್ರಶ್ನೆ ಎರಡು ಮಾತ್ರೆಗಳ ವಿಷಯದಲ್ಲಿಯೂ ಏಳತಕ್ಕದ್ದೇ. ಆದರೆ ಮೊದಲನೆಯದರ ವಿಷಯದಲ್ಲಿ ಆ ಪ್ರಶ್ನೆಯನ್ನು ವೈದ್ಯರಿಗೆ ಹಾಕುತ್ತಾರೆ. ಎರಡನೆಯದರ ವಿಷಯದಲ್ಲಿ ರೋಗಿಯು ಅದನ್ನು ತನಗೆ ತಾನೇ ಹಾಕಿಕೊಳ್ಳುತ್ತಾನೆ, ಅದೂ ರಾತ್ರಿಯ ಹೊತ್ತು, ಒಬ್ಬನೇ.

ರೋಗ ಇಳಿದಿದೆ. ನಿದ್ರೆ ಬರುತ್ತಿದೆ, ಊಟ ರುಚಿಸುತ್ತಿದೆ, ಮನೆಯ ಕೆಲಸವೋ ಕಚೇರಿಯ ಕೆಲಸವೋ ಸಾಗುತ್ತಿದೆ. ಹೀಗಿರುವಾಗ ಮಾತ್ರೆಯನ್ನು ಮುಂದುವರಿಸತಕ್ಕದ್ದೋ ಬಿಡತಕ್ಕದ್ದೋ? ಇದು ಬರಿಯ ವೈದ್ಯಶಾಸ್ತ್ರದ ಪ್ರಶ್ನೆಯಲ್ಲ. ತಾನು ಎಂದರೆ ಯಾರು, ತನ್ನ ಬಲವೆಂದರೆ ಯಾವುದು, ಮನೆಯವರಿಗೆ ತಾನು ಸಲ್ಲಿಸಬೇಕಾದದ್ದೆಷ್ಟು ಎಂಬ ವಿಚಾರಗಳು ಇದರಲ್ಲಿ ಹೆಣೆದುಕೊಂಡಿವೆ.

ಈ ಪ್ರಶ್ನೆ ಚಿಕಿತ್ಸೆ ದೊರೆತವರ ಪ್ರಶ್ನೆ ಎಂಬುದನ್ನು ಮಾತ್ರ ಮೊದಲೇ ನೆನಪಿಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಪ್ರಾಯಕ್ಕೆ ಬಂದವರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರು ಜೀವಮಾನದಲ್ಲಿ ಒಂದು ಸಲವಾದರೂ ಖಿನ್ನತೆಗೆ ಒಳಗಾದವರು. ಇಂಥ ಸಾಮಾನ್ಯ ಮನೋರೋಗಗಳುಳ್ಳವರಲ್ಲಿ ನೂರಕ್ಕೆ ಸುಮಾರು ೮೫ ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಜನ ಮಾತ್ರೆಗೆ ದಾಸರಾಗುತ್ತಿದ್ದಾರೆಂದು ಜಗಲಿಯ ಮೇಲೆ ಕುಳಿತು ಮರುಗುವವರು ಈ ೮೫ನ್ನು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ಔಷಧವೂ ಬಹಳ ಹಳೆಯದೇನಲ್ಲ. ಸ್ವಿಟ್ಸರ್ಲೆಂಡಿನ ರೋಲಂಡ್ ಕುನ್ ಎಂಬ ವೈದ್ಯರು ಇಮಿಪ್ರಮೀನ್ ಎಂಬ ದ್ರವ್ಯವು ಖಿನ್ನತೆಯನ್ನು ಇಳಿಸುವುದೆಂದು ೧೯೫೭ರಲ್ಲಿ ಪ್ರಕಟಿಸಿದರು. ಕ್ಷಯಕ್ಕೆಂದು ಕೊಡುತ್ತಿದ್ದ ಇಪ್ರೋನಿಯಜಿಡ್ ಎಂಬ ಔಷಧವು ರೋಗಿಗಳ ಮನಸ್ಸನ್ನು ಎಬ್ಬಿಸುತ್ತದೆಂಬುದು ಬೆಳಕಿಗೆ ಬಂದದ್ದೂ ಅದೇ ದಶಕದಲ್ಲಿ. ಅಮೆರಿಕದಲ್ಲಿ ಫ್ಲೂಆಕ್ಸೆಟೀನಿಗೆ ೧೯೮೭ರಲ್ಲಿ ಅನುಮತಿ ದೊರೆತ ಮೇಲೆ ಅದರ ಜಾತಿಯ ಮಾತ್ರೆಗಳು ಹರಡಿದವು. ಸರ್ಟ್ರಾಲೀನ್, ಎಸಿಟಲೋಪ್ರಾಮ್ ಎಂಬ ಹೆಸರುಗಳು ಇಂದು ತಾಲ್ಲೂಕು ಕೇಂದ್ರಗಳ ಔಷಧದಂಗಡಿಗಳಲ್ಲಿಯೂ ಪರಿಚಿತವಾಗಿವೆ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಸ ಕಡಿಮೆಯಾದದ್ದೇ ಖಿನ್ನತೆಗೆ ಕಾರಣ, ಮಾತ್ರೆ ಅದನ್ನು ತುಂಬಿಕೊಡುತ್ತದೆ ಎಂದು ಬಹುಕಾಲ ಸುಲಭವಾಗಿ ಹೇಳುತ್ತಿದ್ದರು. ೨೦೨೨ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಪರಾಮರ್ಶೆಯು ಆ ಮಾತಿಗೆ ದೃಢವಾದ ಆಧಾರವಿಲ್ಲವೆಂದು ತೋರಿಸಿತು. ಇದನ್ನು ಕೇಳಿ ಕೆಲವರು, ಹಾಗಾದರೆ ಮಾತ್ರೆಯೇ ಸುಳ್ಳೆಂದು ತೀರ್ಮಾನಿಸಿಬಿಟ್ಟರು. ಅದು ತರ್ಕವಲ್ಲ. ಚಳಿಜ್ವರಕ್ಕೆ ಸಿಂಕೋನದ ತೊಗಟೆಯು ಗುಣಕೊಡುತ್ತಿದ್ದಾಗ ಜ್ವರವು ಸೊಳ್ಳೆಯಿಂದ ಹರಡುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ; ರೊನಾಲ್ಡ್ ರಾಸ್ ಅದನ್ನು ಕಂಡದ್ದು ೧೮೯೭ರಲ್ಲಿ. ಕಾರಣದ ವಿವರಣೆ ತಪ್ಪಾದ ಮಾತ್ರಕ್ಕೆ ಫಲವು ಅಳಿದುಹೋಗುವುದಿಲ್ಲ. ಆದರೆ ವಿವರಣೆ ತಪ್ಪೆಂದು ತಿಳಿದ ಮೇಲೆ “ನಿನ್ನಲ್ಲಿ ಒಂದು ರಸದ ಕೊರತೆಯಿದೆ, ಆದ್ದರಿಂದ ಸಾಯುವವರೆಗೆ ನುಂಗು” ಎಂದು ರೋಗಿಗೆ ಹೇಳುವ ಅಧಿಕಾರವೂ ಯಾರಿಗೂ ಉಳಿಯುವುದಿಲ್ಲ.

ಈಗ ಮುಖ್ಯವಾದ ಆಕ್ಷೇಪಕ್ಕೆ ಬರಬಹುದು. ಮಾತ್ರೆ ನುಂಗಿ ಸಮಾಧಾನವಾಗಿರುವವನು ನಿಜವಾಗಿ ಆ ಮನುಷ್ಯನೇ ಏನು? ಆ ಸಮಾಧಾನ ಅವನದೋ, ಮಾತ್ರೆಯದೋ? ಓದುಬರಹ ಬಲ್ಲ ರೋಗಿಗಳನ್ನು ಒಳಗೊಳಗೆ ಕೊರೆಯತಕ್ಕ ಪ್ರಶ್ನೆ ಇದು. ಇದಕ್ಕೆ ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಒಂದು ಸಮಾಧಾನ ದೊರೆಯುವುದು. ಉದ್ದಾಲಕನು ತನ್ನ ಮಗ ಶ್ವೇತಕೇತುವಿಗೆ, ಮನಸ್ಸು ಅನ್ನದಿಂದ ಆದದ್ದು ಎಂದು ಹೇಳಿ, ಅದನ್ನು ಬಾಯಿಮಾತಿಗೆ ಬಿಡದೆ ಪರೀಕ್ಷೆ ಮಾಡಿ ತೋರಿಸುತ್ತಾನೆ. ಹದಿನೈದು ದಿನ ಉಣ್ಣಬೇಡ, ನೀರನ್ನು ಮಾತ್ರ ಕುಡಿ ಎನ್ನುತ್ತಾನೆ. ಅನಂತರ ವೇದವನ್ನು ಹೇಳು ಎಂದರೆ ಹನ್ನೆರಡು ವರ್ಷ ಓದಿ ಬಂದ ಶ್ವೇತಕೇತುವಿಗೆ ಏನೂ ತೋರುವುದಿಲ್ಲ. ಉಂಡು ಬಂದ ಮೇಲೆ ಕೇಳಿದ್ದೆಲ್ಲವೂ ಬರುವುದು. ಹಸಿದಿದ್ದ ಶ್ವೇತಕೇತು ನಿಜವಾದವನು, ಉಂಡವನು ಕೃತಕನು ಎಂದು ಯಾವ ಭಾಷ್ಯಕಾರರೂ ಹೇಳಲಿಲ್ಲ. ಮನಸ್ಸು ದ್ರವ್ಯವನ್ನು ಆಶ್ರಯಿಸಿಕೊಂಡಿದೆ ಎಂಬುದು ಹೊರದೇಶದಿಂದ ಬಂದ ಹೊಸ ಮಾತಲ್ಲ. ಅದನ್ನು ಒಪ್ಪಿದವನಿಗೆ, ಒಂದು ದ್ರವ್ಯದ ಸಹಾಯದಿಂದ ಮನಸ್ಸು ತನ್ನ ಸ್ಥಾನಕ್ಕೆ ಬಂದಿತೆಂಬುದರಲ್ಲಿ ನಾಚಿಕೆಪಡತಕ್ಕದ್ದೇನೂ ಕಾಣದು.

ಅನ್ನವು ಎಲ್ಲರಿಗೂ ಬೇಕಾದದ್ದು, ಔಷಧವು ರೋಗಿಗೆ ಮಾತ್ರ ಬೇಕಾದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆ? ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಉಪನಿಷತ್ತಿನ ದೃಷ್ಟಾಂತವು ನಾಚಿಕೆಯನ್ನು ಕಳೆಯಬಲ್ಲುದು. ಮಾತ್ರೆಯನ್ನು ಎಂದೆಂದಿಗೂ ಸೇವಿಸು ಎಂಬ ವಿಧಿಯನ್ನು ಅದರಿಂದ ಹಿಂಡಲಾಗದು. ಔಷಧಕ್ಕೆ ಒಂದು ಪ್ರಯೋಜನವಿರಬೇಕು, ಆ ಪ್ರಯೋಜನ ಉಳಿದಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಪೌರುಷವಾದಿಗಳ ಆಕ್ಷೇಪ ಬೇರೆ. ಅರ್ಜುನನ ವಿಷಾದಕ್ಕೆ ಮಾತೇ ಔಷಧವಾಯಿತು. ಯೋಗವಾಸಿಷ್ಠದಲ್ಲಿ ಅನ್ನಪಾನಗಳನ್ನು ಬಿಟ್ಟು ಕುಳಿತ ಶ್ರೀರಾಮನಿಗೂ ವಸಿಷ್ಠರ ಉಪದೇಶವೇ ಔಷಧವಾಯಿತು. ಇವರಿಗೆ ಮಾತ್ರೆಯನ್ನು ಯಾರು ಕೊಟ್ಟರು? ಎನ್ನುತ್ತಾರೆ. ಇವರು ಒಂದು ಸಂಗತಿಯನ್ನು ಗಮನಿಸಿದಂತಿಲ್ಲ. ಅರ್ಜುನನು ಗಾಂಡೀವ ಜಾರುತ್ತಿದ್ದರೂ ಒಂದು ಅಧ್ಯಾಯ ತುಂಬ ವಾದಿಸಿದನು. ಶ್ರೀರಾಮನು ಸಭೆಯಲ್ಲಿ ಲಕ್ಷ್ಮಿ, ಆಯುಸ್ಸು, ಅಹಂಕಾರ, ತೃಷ್ಣೆ ಒಂದೊಂದನ್ನೂ ಸರ್ಗಸರ್ಗವಾಗಿ ಖಂಡಿಸಿದನು. ಖಿನ್ನತೆ ಬಲಿತವನಿಗೆ ಮೂರು ವಾಕ್ಯ ಜೋಡಿಸುವುದು ಕಷ್ಟ. ಸ್ನಾನಕ್ಕೆ ಏಳುವುದೇ ಒಂದು ದಿಗ್ವಿಜಯ. ಉಪದೇಶವನ್ನು ಹಿಡಿದುಕೊಳ್ಳುವ ಕೈಯೇ ಸೋತಿರುವಾಗ ಉಪದೇಶ ಎಷ್ಟು ಶ್ರೇಷ್ಠವಾದರೇನು? ಮಾತ್ರೆಯು ಆ ಕೈಗೆ ಬಲ ಕೊಡತಕ್ಕದ್ದು. ಬಲ ಬಂದ ಮೇಲೆ ಉಪದೇಶಕ್ಕೆ ಎಡೆಯುಂಟು.

ಎಡೆಯುಂಟು ಎಂಬುದನ್ನು ಈ ಕಡೆಯವರೂ ಒಪ್ಪಬೇಕು. ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರಾಗಿ ಹೇಳುವುದಷ್ಟೆ. ಮೂರನೆಯದು ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಡಿದು ನಿಲ್ಲಿಸುವುದು. ಇಂಗ್ಲೆಂಡಿನಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಈ ಮಾರ್ಗಕ್ಕೆ ಸೇರಿದ್ದು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದು ಹೋಗಿದ್ದ ೪೨೪ ಮಂದಿಯಲ್ಲಿ ಅರ್ಧದಷ್ಟು ಜನ ಮಾತ್ರೆಯನ್ನು ಮುಂದುವರಿಸಿದರು. ಉಳಿದರ್ಧಕ್ಕೆ ಮನಸ್ಸನ್ನು ಎಚ್ಚರದಿಂದ ನೋಡಿಕೊಳ್ಳುವ ಅಭ್ಯಾಸವನ್ನು ಕಲಿಸಿ, ಮಾತ್ರೆಯನ್ನು ಮೆಲ್ಲಗೆ ಇಳಿಸಲು ಒತ್ತಾಸೆ ಕೊಟ್ಟರು. ಎರಡು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ಮೊದಲ ಪಂಗಡದಲ್ಲಿ ನೂರಕ್ಕೆ ೪೭, ಎರಡನೆಯದರಲ್ಲಿ ೪೪. ಎರಡೂ ಹೆಚ್ಚುಕಡಮೆ ಸಮವೇ. ಆದರೆ ಆ ಅಭ್ಯಾಸವನ್ನು ವಾರವಾರವೂ ಕುಳಿತು ಕಲಿಸಬಲ್ಲ ಗುರು ಅರಕಲಗೂಡಿನಲ್ಲಿ ಸಿಕ್ಕುವನೇ ಎಂಬುದು ಬೇರೆಯ ಮಾತು.

ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಹೊಳೆನರಸೀಪುರದಲ್ಲಿ ಹೇಮಾವತಿಗೆ ಸಮೀಪವಾದ ಒಂದು ಬೀದಿ. ೫೨ ವರ್ಷದ ಗೃಹಿಣಿ. ಮೊದಲನೆಯ ಸಲ ಆಕೆಗೆ ಖಿನ್ನತೆ ಬಂದದ್ದು ಎರಡನೆಯ ಹೆರಿಗೆಯ ಮೇಲೆ. ಬಾಣಂತಿಯ ಸೊರಗೆಂದು ಮನೆಯವರು ಸುಮ್ಮನಿದ್ದರು, ಹೇಗೋ ಕಳೆಯಿತು. ಎರಡನೆಯ ಸಲ ತಾಯಿ ತೀರಿಕೊಂಡ ವರ್ಷ. ಆಗ ನಾಲ್ಕು ತಿಂಗಳು ಆಕೆ ದೇವರ ಮುಂದೆ ದೀಪವನ್ನೂ ಹಚ್ಚಲಿಲ್ಲ. ಬದುಕಿರುವುದು ಬೇಡವೆಂದೂ ಒಮ್ಮೆ ಬಾಯಿಬಿಟ್ಟು ಹೇಳಿದಳು. ಹಾಸನಕ್ಕೆ ಕರೆದುಕೊಂಡು ಹೋದರು, ಮಾತ್ರೆ ಹತ್ತಿತು. ಆರು ವರ್ಷದಿಂದ ಚೆನ್ನಾಗಿದ್ದಾಳೆ. ಈಗ ಬಿಡಬೇಕೆನ್ನುತ್ತಾಳೆ. ಗಂಡ, ಮಕ್ಕಳು ಬೇಡವೆನ್ನುತ್ತಾರೆ.

ಆಕೆ ಬಿಡಬೇಕೆನ್ನುವುದೇಕೆ? ಮೈ ತೂಕ ಏರಿದೆ ಎಂಬುದೊಂದು. ಅದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು: ದುಃಖ ಹೋದ ದಾರಿಯಲ್ಲೇ ಸಂತೋಷವೂ ಅಷ್ಟು ದೂರ ಹೋಗಿದೆ, ಮಗಳ ಲಗ್ನದ ದಿನ ಅಳು ಬರಬೇಕಾದಲ್ಲಿ ಬರಲಿಲ್ಲ. ಈ ಮಾತ್ರೆಗಳನ್ನು ಸೇವಿಸುವವರಲ್ಲಿ ಹಲವರು ಹೀಗೆ ಹೇಳುವುದುಂಟು. ವೈದ್ಯರೂ ಇದನ್ನು ಬಲ್ಲರು. ದಾಂಪತ್ಯದಲ್ಲಿ ಆಸಕ್ತಿ ಕುಗ್ಗುವುದೂ ಉಂಟು. ಅದನ್ನು ಆಕೆ ಯಾರಿಗೂ ಹೇಳಳು, ಯಾರೂ ಕೇಳರು. ಇವೆಲ್ಲಕ್ಕಿಂತ ಆಕೆಗೆ ನೋವಾಗುವ ಸಂಗತಿ ಮಾತ್ರೆಯದಲ್ಲ, ಮನೆಯದು. ಮಗ ಗದ್ದೆ ಮಾರುವ ಮಾತೆತ್ತಿದಾಗ ಆಕೆ ಧ್ವನಿಯೇರಿಸಿದರೆ ಗಂಡ ಮೆಲ್ಲಗೆ, “ಇವತ್ತು ಮಾತ್ರೆ ತಗೊಂಡ್ಯೇನೆ?” ಎನ್ನುತ್ತಾನೆ. ಅವನ ಮನಸ್ಸಿನಲ್ಲಿ ಕೆಡುಕಿಲ್ಲ. ಆ ನಾಲ್ಕು ತಿಂಗಳನ್ನು ಅವನು ಮರೆತಿಲ್ಲ. ಆದರೆ ಆ ಒಂದು ಮಾತಿನಿಂದ ಆಕೆಯ ನ್ಯಾಯವಾದ ಸಿಟ್ಟು ರೋಗಲಕ್ಷಣವಾಗಿಬಿಡುವುದು. ಗದ್ದೆಯ ವಿಷಯದಲ್ಲಿ ಆಕೆ ಹೇಳಿದ್ದು ಸರಿಯೋ ತಪ್ಪೋ ಎಂಬ ವಿಚಾರ ಅಲ್ಲಿಗೆ ನಿಂತುಹೋಗುವುದು. ಔಷಧದಿಂದ ಸ್ವಾತಂತ್ರ್ಯಹಾನಿ ಎಂಬುದು ಎಲ್ಲಿಯಾದರೂ ಇದ್ದರೆ ಮುಖ್ಯವಾಗಿ ಇಲ್ಲಿಯೇ ಇದೆ ಎನ್ನಬೇಕು.

ಮನೆಯವರ ಭಯಕ್ಕೆ ಆಧಾರವಿಲ್ಲವೆಂದಲ್ಲ. ಖಿನ್ನತೆಯು ಒಂದು ಸಲ ಬಂದವರಿಗಿಂತ ಎರಡು ಸಲ ಬಂದವರಿಗೆ, ಎರಡು ಸಲಕ್ಕಿಂತ ಮೂರು ಸಲ ಬಂದವರಿಗೆ, ಮತ್ತೆ ಬರುವ ಸಂಭವ ಹೆಚ್ಚು. ೨೦೨೧ರಲ್ಲಿ ಪ್ರಕಟವಾದ ಇನ್ನೊಂದು ಆಂಗ್ಲ ಪ್ರಯೋಗ ಈಕೆಯಂಥವರನ್ನು ಕುರಿತದ್ದೇ: ದೀರ್ಘಕಾಲ ಮಾತ್ರೆ ಸೇವಿಸಿ, ಚೆನ್ನಾಗಿದ್ದು, ಬಿಡಬಹುದೇನೋ ಎಂದು ಯೋಚಿಸುತ್ತಿದ್ದ ೪೭೮ ಮಂದಿ. ಮಾತ್ರೆಯನ್ನು ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ ೩೯ ಮಂದಿಗೆ ರೋಗ ಮರಳಿತು. ಕ್ರಮವಾಗಿ ಇಳಿಸಿ ಬಿಟ್ಟವರಲ್ಲಿ ೫೬ ಮಂದಿಗೆ. ಈ ಅಂಕಿಗಳನ್ನು ಗಂಡನ ಕೈಗೆ ಕೊಟ್ಟರೆ, ನೋಡು, ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿದ್ದರು ಎನ್ನುವನು. ಹೆಂಡತಿಯ ಕೈಗೆ ಕೊಟ್ಟರೆ, ಬಿಟ್ಟವರಲ್ಲಿ ೪೪ ಮಂದಿ ನಿಂತರಲ್ಲ, ನುಂಗುತ್ತಿದ್ದವರಲ್ಲಿಯೂ ೩೯ ಮಂದಿ ಬಿದ್ದರಲ್ಲ ಎನ್ನುವಳು. ಇಬ್ಬರೂ ಸುಳ್ಳು ಹೇಳುವುದಿಲ್ಲ. ಗಣಿತವು ನೂರು ಜನರ ಮಾತನ್ನು ಹೇಳಬಲ್ಲುದು. ಈಕೆ ಆ ನೂರರಲ್ಲಿ ಯಾವ ಕಡೆಯವಳೆಂಬುದನ್ನು ಹೇಳಲಾರದು. ಗಣಿತ ನಿಲ್ಲುವ ಕಡೆಯಲ್ಲಿ, ಯಾವ ಅಪಾಯವನ್ನು ಯಾತಕ್ಕಾಗಿ ಹೊರುವುದು ಎಂಬ ಧರ್ಮವಿಚಾರ ತೊಡಗುವುದು.

ಅದನ್ನು ನಿರ್ಣಯಿಸತಕ್ಕವರು ಯಾರು? ಮೊದಲಿಗೆ ರೋಗಿಯೇ. ದೇಹ ಆಕೆಯದು, ಮಂಕು ಆಕೆಯದು, ಭಯವೂ ಆಕೆಯದೇ. ಆದರೆ ಆಕೆ ಒಂಟಿಯಲ್ಲ. ರೋಗ ಮರಳಿದರೆ ಮನೆಯ ನಾಲ್ಕು ಜನ ಅದನ್ನು ಹೊರುವರು. ಆದ್ದರಿಂದ ಹೇಳದೆ ಕೇಳದೆ ಗುಟ್ಟಾಗಿ ಬಿಡುವುದು ಅವರಿಗೆ ಮಾಡುವ ಅನ್ಯಾಯ. ಹಾಗೆಯೇ, ತಮ್ಮ ನೆಮ್ಮದಿ ಕೆಡಬಾರದೆಂದು ಆಕೆಯನ್ನು ಮಂಕಾಗಿಟ್ಟುಕೊಳ್ಳುವುದು ಅವರು ಆಕೆಗೆ ಮಾಡುವ ಅನ್ಯಾಯ. ಈ ಎರಡರಲ್ಲಿ ಎರಡನೆಯದನ್ನು ಯಾರೂ ಅನ್ಯಾಯವೆಂದು ಎಣಿಸದಿರುವುದರಿಂದ ಅದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ.

ಎಲ್ಲರ ಸಂಗತಿಯೂ ಈಕೆಯದರಂತಿರದು. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜಿನಲ್ಲಿ ಬೆಲೆ ಸಿಕ್ಕದವನು, ಹಾಸನದ ಕಡೆ ಆಲೂಗಡ್ಡೆ ಹಾಕಿ ಅಂಗಮಾರಿ ರೋಗಕ್ಕೆ ಬೆಳೆ ಕಳೆದುಕೊಂಡವನು, ಸಾಲದ ಚಿಂತೆಯಲ್ಲಿ ನಿದ್ರೆಗೆಟ್ಟು ವೈದ್ಯರಲ್ಲಿಗೆ ಹೋಗಿರಬಹುದು. ಮಾತ್ರೆ ಅವನಿಗೂ ಸಹಾಯವಾದೀತು. ಆದರೆ ಸಾಲ ಹಾಗೆಯೇ ಇರಲು, ಮಾತ್ರೆ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆದರೆ, ಅದು ಚಿಕಿತ್ಸೆಯೋ ಬಾಯಿಮುಚ್ಚಿಸುವ ಉಪಾಯವೋ ತಿಳಿಯದು. ಚನ್ನರಾಯಪಟ್ಟಣದ ಕಾಲೇಜಿನ ಹುಡುಗನೊಬ್ಬ ಪರೀಕ್ಷೆಯ ವರ್ಷ ಒಂದು ಸಲ ಕುಸಿದು, ಚೇತರಿಸಿಕೊಂಡು, ಹಳೆಯ ಚೀಟಿಯನ್ನೇ ಔಷಧದಂಗಡಿಯಲ್ಲಿ ತೋರಿಸಿ ಮೂರು ವರ್ಷ ಮಾತ್ರೆ ಕೊಳ್ಳುತ್ತಿದ್ದಾನೆಂದಿಟ್ಟುಕೊಂಡರೆ, ಅವನು ಮುಂದುವರಿಸಬೇಕೆಂದು ನಿರ್ಣಯ ಮಾಡಿದವನಲ್ಲ, ನಿರ್ಣಯವನ್ನೇ ಮಾಡದವನು. ಮೊದಲನೆಯ ಸಲದ ಖಿನ್ನತೆಗೆ, ಗುಣವಾದ ಮೇಲೆ ಆರರಿಂದ ಒಂಬತ್ತು ತಿಂಗಳವರೆಗೆ ಮುಂದುವರಿಸಿ ಅನಂತರ ಇಳಿಸಿ ನೋಡುವುದು ವೈದ್ಯರಲ್ಲಿ ಸಾಮಾನ್ಯವಾದ ಪದ್ಧತಿ. ಅಂಥವನು ವೈದ್ಯರ ಮುಂದೆ ಕುಳಿತು ಬಿಡುವ ಪ್ರಯತ್ನ ಮಾಡದೆ ಇರುವುದು ಎಚ್ಚರಿಕೆಯಲ್ಲ, ಸೋಮಾರಿತನ. ಮೂರು ನಾಲ್ಕು ಸಲ ಬಿದ್ದು, ಒಮ್ಮೆ ಪ್ರಾಣಕ್ಕೇ ಸಂಚಕಾರ ತಂದುಕೊಂಡವನು ಬಹುಕಾಲ ಮುಂದುವರಿಸಿದರೆ, ಅದು ಸೋಲಲ್ಲ. ಊರುಗೋಲು ಹಿಡಿದು ನಡೆದವನು ಊರು ಮುಟ್ಟುವುದಿಲ್ಲವೆ? ಅವನೂ ವರ್ಷಕ್ಕೊಮ್ಮೆ ವೈದ್ಯರನ್ನು ಕಂಡು ಲೆಕ್ಕ ಒಪ್ಪಿಸಬೇಕು. ವಯಸ್ಸಾದವರಿಗೆ ಈ ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಇಳಿಯುವುದುಂಟು. ಮಂಡಿನೋವಿನ ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚುವುದು. ನಾಚಿಕೆಯಿಂದ ಒಬ್ಬ ವೈದ್ಯರ ಮಾತ್ರೆಯನ್ನು ಇನ್ನೊಬ್ಬ ವೈದ್ಯರಿಂದ ಮುಚ್ಚಿಡುವವರು ಇದನ್ನು ತಿಳಿದಿರಬೇಕು.

ಬಿಡುವುದೆಂದು ನಿಶ್ಚಯವಾದರೆ ಬಿಡುವ ಕ್ರಮವೂ ನಿಶ್ಚಯದಷ್ಟೇ ಮುಖ್ಯ. ಹುಮ್ಮಸ್ಸಿನಲ್ಲಿ ಒಂದು ದಿನ ಪಟ್ಟಿಯನ್ನು ತೆಗೆದು ಹೊಳೆಗೆ ಎಸೆಯುವುದು ಧೈರ್ಯವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ಮೈಗೆ ಒಗ್ಗಿದ್ದನ್ನು ಬಿಡುವಾಗ ಕಾಲುಕಾಲು ಭಾಗವಾಗಿ, ನಡುನಡುವೆ ದಿನಗಳ ಅಂತರವಿಟ್ಟು ಬಿಡಬೇಕೆಂದಿದೆ. ಹಾಗೆ ಬಿಟ್ಟದ್ದು ಮರಳಿ ಬಾರದೆಂದೂ ಇದೆ. ಅಲ್ಲಿ ಹೇಳಿರುವುದು ಅಹಿತವಾದ ಅಭ್ಯಾಸಗಳನ್ನು ಕುರಿತು, ಔಷಧವನ್ನು ಕುರಿತಲ್ಲ. ಆದರೂ ನ್ಯಾಯ ಒಂದೇ. ಇಂದಿನ ವೈದ್ಯರು ದಿನಗಳಿಗೆ ಬದಲು ವಾರಗಳ, ಕೆಲವು ಸಲ ತಿಂಗಳುಗಳ ಅಂತರವನ್ನು ಹೇಳುತ್ತಾರೆ. ೨೦೧೯ರಿಂದ ಈಚೆಗೆ ಇನ್ನೊಂದು ಸೂಕ್ಷ್ಮವನ್ನೂ ಎತ್ತಿ ತೋರಿಸಿದ್ದಾರೆ. ಈ ಮಾತ್ರೆಗಳ ಸ್ವಲ್ಪ ಪ್ರಮಾಣವೇ ಮಿದುಳಿನಲ್ಲಿ ಬಹುಪಾಲು ಕೆಲಸ ಮಾಡಿಬಿಡುವುದರಿಂದ, ಇಪ್ಪತ್ತರಿಂದ ಹತ್ತು ಮಿಲಿಗ್ರಾಮಿಗೆ ಇಳಿದದ್ದು ಅಷ್ಟಾಗಿ ತಿಳಿಯದು. ಐದರಿಂದ ಸೊನ್ನೆಗೆ ಇಳಿದದ್ದು ಚೆನ್ನಾಗಿ ತಿಳಿಯುವುದು. ಆದಕಾರಣ ಕೊನೆಯ ಮೆಟ್ಟಿಲುಗಳು ಚಿಕ್ಕವಾಗಿರಬೇಕು. ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಏರಿ ಬಂದವರಿಗೆ, ಹತ್ತುವಾಗಿನ ಏದುಸಿರಿಗಿಂತ ಇಳಿಯುವಾಗಿನ ಮೊಣಕಾಲಿನ ನಡುಕ ಗೊತ್ತಿರುವುದು.

ಇಳಿಸುವಾಗ ತಲೆ ಸುತ್ತುವುದು, ತಲೆಯೊಳಗೆ ವಿದ್ಯುತ್ತು ಮುಟ್ಟಿದಂತಾಗುವುದು, ವಿಚಿತ್ರವಾದ ಕನಸು, ಸಿಡುಕು ಇವು ಕೆಲವರಿಗೆ ಕಾಣುವುವು. ೨೦೨೪ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು, ಮಾತ್ರೆಯನ್ನು ಬಿಟ್ಟದ್ದರಿಂದಲೇ ಆದದ್ದೆಂದು ಹೇಳಬಹುದಾದ ತೊಂದರೆ ಸುಮಾರು ನೂರಕ್ಕೆ ೧೫ ಮಂದಿಗೆಂದು ಕಂಡರು. ಇವು ಬಿಟ್ಟ ಕೆಲವೇ ದಿನಗಳಲ್ಲಿ ತೋರುವುವು. ರೋಗ ಮರಳುವುದಾದರೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳ ಮೇಲೆ ಮೆಲ್ಲಗೆ ಬರುವುದು. ಈ ಭೇದವನ್ನು ತಿಳಿಯದೆ, ಮೂರನೆಯ ದಿನದ ತಲೆಸುತ್ತನ್ನು ಕಂಡು ಮನೆಯವರೆಲ್ಲ ಗಾಬರಿಯಾಗಿ ಮಾತ್ರೆಗೆ ಮರಳಿ, ಇನ್ನು ಜನ್ಮದಲ್ಲಿ ಬಿಡಲಾಗದೆಂದು ನಿರ್ಧರಿಸುವ ಸಂಭವವುಂಟು. ಕಾಲವನ್ನೂ ನೋಡಿ ಆರಿಸಬೇಕು. ಮನೆಯಲ್ಲಿ ಲಗ್ನ ನಿಂತಿರುವಾಗ, ಆಸ್ತಿ ಪಾಲಾಗುತ್ತಿರುವಾಗ, ವರ್ಗವಾಗಿ ಹೊಸ ಊರಿಗೆ ಹೋದ ತಿಂಗಳಲ್ಲಿ ಇದಕ್ಕೆ ಕೈಹಾಕತಕ್ಕದ್ದಲ್ಲ. ಗರ್ಭಿಣಿಯಾದೆನೆಂದು ತಿಳಿದ ದಿನವೇ ಹೆದರಿ ತಾನಾಗಿ ನಿಲ್ಲಿಸುವುದೂ ತಪ್ಪು. ಮೊದಲು ವೈದ್ಯರನ್ನು ಕೇಳಬೇಕು.

ವೈದ್ಯರೆಲ್ಲಿ ಎಂದರೆ, ಹಿಂದಿನಷ್ಟು ದೂರವಿಲ್ಲ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ೨೦೦೬ರಿಂದ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಮನೋವೈದ್ಯರನ್ನು ಕಳುಹಿಸುವ ‘ಮನೋಚೈತನ್ಯ’ ಎಂಬ ಏರ್ಪಾಡನ್ನು ರಾಜ್ಯ ಸರ್ಕಾರ ೨೦೧೪ರಲ್ಲಿ ಆರಂಭಿಸಿತು. ೨೦೨೨ರ ಅಕ್ಟೋಬರಿನಿಂದ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಬೇಡವೆಂಬ ಯೋಚನೆ ಸುಳಿದವರು ಮಂಗಳವಾರಕ್ಕೆ ಕಾಯದೆ ಆ ಕ್ಷಣವೇ ಹೀಗೆ ಮಾಡತಕ್ಕದ್ದು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ಗುಟ್ಟನ್ನು ಕಾಯುವ ಹಕ್ಕನ್ನು ಕೊಟ್ಟಿದೆ. ಮುಂದೆ ತನಗೆ ವಿವೇಚನೆ ತಪ್ಪಿದರೆ ಹೇಗೆ ಚಿಕಿತ್ಸೆ ಮಾಡಬೇಕು, ಹೇಗೆ ಮಾಡಬಾರದು ಎಂಬುದನ್ನು ಸ್ವಸ್ಥನಾಗಿರುವಾಗಲೇ ಬರೆದಿಡುವ ಅವಕಾಶವನ್ನೂ ಕೊಟ್ಟಿದೆ. ಮಾತ್ರೆ ಬಿಡಹೊರಟವರಿಗೆ ಈ ಎರಡನೆಯದರ ಭಾವ ಬಹಳ ಉಪಯುಕ್ತ. ಕಾಯಿದೆಯ ನಮೂನೆಯಲ್ಲದಿದ್ದರೂ ಮನೆಯ ಮಟ್ಟಿಗೆ ಒಂದು ಹಾಳೆಯಲ್ಲಿ, ನಿದ್ರೆ ಇಷ್ಟು ದಿನ ಕೆಟ್ಟರೆ, ಊಟ ಇಷ್ಟು ದಿನ ಬಿಟ್ಟರೆ, ಇಂಥ ಮಾತು ಬಾಯಿಂದ ಬಂದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಆಗ ನನ್ನ ಆಕ್ಷೇಪವನ್ನು ಕೇಳಬೇಡಿ ಎಂದು ಬರೆದಿಡಬಹುದು. ಆ ಹಾಳೆಯಲ್ಲಿ ಬರೆದದ್ದನ್ನು ಬಿಟ್ಟು ಬೇರೆ ಸಿಟ್ಟಿಗೆ, ಬೇರೆ ಅಳುವಿಗೆ ಮನೆಯವರು ಮಾತ್ರೆಯ ಹೆಸರನ್ನು ಎತ್ತಕೂಡದು. ಹೊಳೆನರಸೀಪುರದ ದಂಪತಿಗಳಿಗೆ ಇಂಥ ಒಂದು ಒಪ್ಪಂದ ಮಾತ್ರೆಗಿಂತ ಮೊದಲು ಬೇಕಾಗಿತ್ತು.

ಇನ್ನುಳಿದದ್ದು ಮಗಳ ಮಾತು. ಈ ರೋಗವು ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದುಂಟು. ಹೆರಿಗೆಯ ಮೇಲೆ ತಾಯಿಗೆ ಬಂದದ್ದು ಮಗಳಿಗೂ ಬರಬಹುದು. ಲಗ್ನವಾಗುವವರೆಗೆ ಬೇಡವೆಂದು ಮುಚ್ಚಿಟ್ಟದ್ದಾಯಿತು. ಲಗ್ನವಾದ ಮೇಲೆ ಬೀಗರಿಗೆ ತಿಳಿದೀತೆಂದು ಮುಚ್ಚಿಡುವುದಾಯಿತು. ತಾಯಿ ಮಾತ್ರೆಯನ್ನು ಬಿಡಲಿ, ಮುಂದುವರಿಸಲಿ, ಮಗಳಿಗೆ ಒಂದು ದಿನ ಬೀರುವಿನ ಬಾಗಿಲು ತೆಗೆದು ತೋರಿಸಬೇಕಾಗಿದೆ. ಅದೂ ಆ ಮಗಳು ಬಸುರಿಯಾಗಿ ತವರಿಗೆ ಬರುವುದಕ್ಕೆ ಮೊದಲು.